ಕರಜಾತ ಮತ್ತು ಏಕಜಾತ

ನಮ್ಮ ಸೀಮೆಯ ಜಾತ್ರೆ, ಪುರಾಣ, ಪ್ರವಚನಗಳ ವೇದಿಕೆಗಳಲ್ಲಿ ಪರಧರ್ಮದ ಪ್ರಸ್ತಾಪ ಬಂದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: “ಕ್ರೈಸ್ತರು ಏಸುವನ್ನು ದೇವರ ಮಗನೆನ್ನುತ್ತಾರೆ. ದೇವರಿಗೆ ಮಗನಿದ್ದರೆ ಹೆಂಡತಿ ಯಾರು? ಬೀಗರ ಮನೆ ಯಾವ ಊರಲ್ಲಿದೆ?” ಸಭೆ ಗೊಳ್ಳೆಂದು ನಗುತ್ತದೆ. ಭಾಷಣಕಾರರು ಧರ್ಮವನ್ನು ಗೆಲ್ಲಿಸಿದ ತೃಪ್ತಿಯಿಂದ ಕುಳಿತುಕೊಳ್ಳುತ್ತಾರೆ. ಅದೇ ಊರಿನ ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ ಆಗಾಗ ಒಂದು ಕರಪತ್ರ ಕೈಗೆ ಬರುತ್ತದೆ. ದೇವರ ಒಬ್ಬನೇ ಮಗನನ್ನು ನಂಬಿದವನಿಗೆ ಮಾತ್ರ ಪರಲೋಕ, ಉಳಿದವರಿಗೆಲ್ಲ ನರಕ ಎಂಬುದು ಅದರ ಸಾರ. ವೇದಿಕೆಯ ನಗೆಗೂ ಕರಪತ್ರದ ಬೆದರಿಕೆಗೂ ಮೂಲ ಒಂದೇ. ಎರಡೂ ಕಡೆಯವರು ‘ಮಗ’ ಎಂಬ ಪದದ ಅರ್ಥವನ್ನು ವಿಚಾರಿಸುವ ಶ್ರಮವನ್ನು ತೆಗೆದುಕೊಂಡಿಲ್ಲ.

ಈ ಲೇಖನದ ಅಭಿಪ್ರಾಯವನ್ನು ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು. ಕ್ರೈಸ್ತರು ಹೇಳುವ ದೇವಪುತ್ರತ್ವವು ಶರೀರಸಂಬಂಧದ ಮಾತಲ್ಲ. ಅದನ್ನು ಶರೀರಸಂಬಂಧವೆಂದು ಎಣಿಸಿ ನಗುವ ಲಿಂಗಾಯತನು ತಾನು ಪಡೆದ ದೀಕ್ಷೆಯನ್ನೇ ನಗೆಗೀಡುಮಾಡುತ್ತಾನೆ. ನಮಗೂ ಅವರಿಗೂ ಇರುವ ನಿಜವಾದ ಭಿನ್ನಾಭಿಪ್ರಾಯ ‘ಒಬ್ಬನೇ’ ಎಂಬ ವಿಶೇಷಣದಲ್ಲಿದೆ. ಆ ಭಿನ್ನಾಭಿಪ್ರಾಯವನ್ನು ತಲೆಯೆತ್ತಿ ಹೇಳುವ ಅಧಿಕಾರ ಬರಬೇಕಾದರೆ ನಾವು ಮೊದಲು ನಮ್ಮ ಮನೆಯ ಲೆಕ್ಕವನ್ನು ನೋಡಿಕೊಳ್ಳಬೇಕು.

ನೆರೆಯವರ ಮಾತು

ಇದು ದೂರದೇಶದ ಗೋಷ್ಠಿಯೆಂದು ತಳ್ಳಿಹಾಕುವಂತಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಮಿಶನ್ ಸಂಸ್ಥೆಯು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ, 1851ರಲ್ಲಿ ನಮ್ಮ ಗುಳೇದಗುಡ್ಡಕ್ಕೆ ಬಂದಿತು. ಖಣದ ಮಗ್ಗಗಳ ಆ ಊರಿನಲ್ಲಿ ಕ್ರೈಸ್ತ ಕುಟುಂಬಗಳು ತಲೆಮಾರುಗಳಿಂದ ಬಾಳಿವೆ. ಕೆರೂರ, ಬಾದಾಮಿ, ಹುನಗುಂದ, ಇಳಕಲ್ಲದವರೆಗಿನ ಜನ ಅವರೊಡನೆ ನೂಲು, ಬಟ್ಟೆ, ಸಾಲ, ಸಂತೆಗಳಲ್ಲಿ ವ್ಯವಹರಿಸುತ್ತ ಬಂದಿದ್ದಾರೆ. ವೇದಿಕೆಯ ಮೇಲಿನ ನಗೆಯನ್ನು ಕೆಳಗೆ ಕುಳಿತು ಕೇಳುವವರಲ್ಲಿ ಅವರೂ ಇರುತ್ತಾರೆಂಬುದನ್ನು ಮರೆಯಬಾರದು.

ಈ ತಪ್ಪು ತಿಳಿವಳಿಕೆಗೆ ಭಾಷಾಂತರದ ಪಾಲೂ ಇದೆ. ಲಂಡನ್ ಮಿಶನರಿ ಸಂಸ್ಥೆಯ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ನೆಲೆನಿಂತು ಬೈಬಲ್ಲನ್ನು ಕನ್ನಡಕ್ಕೆ ತಂದರು. ಇಡೀ ಗ್ರಂಥ 1831ರ ವೇಳೆಗೆ ಪೂರ್ಣಗೊಂಡಿತು. ಕನ್ನಡ ಬೈಬಲ್ಲಿನ ಓದುಗನಿಗೆ ಏಸುವು ‘ದೇವಕುಮಾರ’ನಾಗಿ ಪರಿಚಿತನಾದನು. ಆದರೆ ಬಳ್ಳಾರಿಯಿಂದ ದೂರವಿಲ್ಲದ ಸಂಡೂರಿನ ಬೆಟ್ಟದಲ್ಲಿ ಕುಮಾರಸ್ವಾಮಿಯ ಗುಡಿಯಿದೆ. ‘ಕುಮಾರ’ನೆಂದೊಡನೆ ಕನ್ನಡಿಗನ ಮನಸ್ಸಿಗೆ ಬರುವವನು ಷಣ್ಮುಖ, ಷಣ್ಮುಖನೆಂದೊಡನೆ ತಂದೆ ತಾಯಿ, ಜನನ, ಯುದ್ಧಗಳ ಪುರಾಣಕಥೆ. ಹೀಗೆ ಪರದೇಶದ ತತ್ವವೊಂದು ಕನ್ನಡದ ಕಿವಿಯನ್ನು ಸೇರುವಾಗಲೇ ನಮ್ಮ ಪುರಾಣದ ಬಣ್ಣವನ್ನು ಪಡೆಯಿತು. ಕೇಳಿದವರ ದೋಷ ಇದರಲ್ಲಿ ಹೆಚ್ಚೇನೂ ಇಲ್ಲ. ಆದರೆ ಸುಮಾರು 200 ವರ್ಷಗಳ ನೆರೆಹೊರೆಯ ನಂತರವೂ ಅಲ್ಲಿಯೇ ನಿಲ್ಲುವುದು ದೋಷವೇ ಸರಿ.

‘ಮಗ’ ಎಂದರೇನು?

ಏಸು ಹುಟ್ಟಿದ್ದು ಯೆಹೂದ್ಯರ ಕುಲದಲ್ಲಿ. ಅವರ ಹೀಬ್ರೂ ಭಾಷೆಯಲ್ಲಿ ‘ಮಗ’ ಎಂಬ ಪದಕ್ಕೆ ವಿಶಾಲವಾದ ಅರ್ಥವ್ಯಾಪ್ತಿಯಿದೆ. ಒಂದರ ಗುಣವನ್ನು ಹೊತ್ತವನು, ಒಂದಕ್ಕೆ ಸೇರಿದವನು ಅದರ ಮಗ. ನಾವು ಒಕ್ಕಲಿಗನನ್ನು ಮಣ್ಣಿನ ಮಗನೆನ್ನುತ್ತೇವೆ. ಭೂಮಿಗೆ ಗಂಡನಾರೆಂದು ಯಾರೂ ವಿಚಾರಿಸುವುದಿಲ್ಲ. ಹಳೆಯ ಒಡಂಬಡಿಕೆಯಲ್ಲಿ ಈಜಿಪ್ಟಿನ ದಾಸ್ಯದಲ್ಲಿದ್ದ ಇಡೀ ಇಸ್ರಾಯೇಲ ಜನಾಂಗವನ್ನೇ ದೇವರು ತನ್ನ ಚೊಚ್ಚಲ ಮಗನೆಂದು ಕರೆಯುತ್ತಾನೆ. ದಾವೀದನ ವಂಶದ ಅರಸನು ದೇವರಿಗೆ ಮಗನಾಗುವನೆಂಬ ವಾಗ್ದಾನವೂ ಅಲ್ಲಿದೆ. ಆ ಅರಸನಿಗೆ ಹೆತ್ತ ತಂದೆ ಬೇರೆ ಇದ್ದನೆಂಬುದು ಎಲ್ಲರಿಗೂ ತಿಳಿದ ಸಂಗತಿ. ದೇವರ ಹೆಸರಿನಲ್ಲಿ, ದೇವರ ಅಧಿಕಾರದಿಂದ ಜನರನ್ನು ಪಾಲಿಸಲು ಆಯ್ಕೆಯಾದವನೆಂಬುದೇ ಅಲ್ಲಿ ಪುತ್ರತ್ವದ ಅರ್ಥ.

ಇದಕ್ಕೆ ರೋಮ್ ಚಕ್ರಾಧಿಪತ್ಯದ ಒಂದು ಹಿನ್ನೆಲೆಯೂ ಉಂಟು. ಜೂಲಿಯಸ್ ಸೀಸರನು ತನ್ನ ಸಹೋದರಿಯ ಮೊಮ್ಮಗನನ್ನು ಮರಣಶಾಸನದ ಮೂಲಕ ದತ್ತುಪುತ್ರನನ್ನಾಗಿ ಮಾಡಿದನು. ಸೀಸರನು ಸತ್ತ ಮೇಲೆ ರೋಮನ್ ಪ್ರಭುತ್ವವು ಅವನನ್ನು ದೇವರೆಂದು ಸಾರಿತು. ದತ್ತುಪುತ್ರನಾದ ಆಗಸ್ಟಸನು ದೇವಪುತ್ರನೆಂಬ ಬಿರುದನ್ನು ನಾಣ್ಯಗಳ ಮೇಲೆ ಟಂಕಿಸಿಕೊಂಡನು. ಏಸು ಹುಟ್ಟಿದ್ದು ಈ ಆಗಸ್ಟಸನ ಆಳಿಕೆಯಲ್ಲಿ. ಚಕ್ರವರ್ತಿಯ ನಾಣ್ಯದ ಮೇಲಿದ್ದ ಬಿರುದನ್ನು, ಅದೇ ಚಕ್ರಾಧಿಪತ್ಯವು ಶಿಲುಬೆಗೇರಿಸಿ ಕೊಂದ ಒಬ್ಬ ಬಡಗಿಗೆ ಅವನ ಶಿಷ್ಯರು ಕೊಟ್ಟರೆಂದರೆ, ಅದರಲ್ಲಿದ್ದ ಧೈರ್ಯವನ್ನು ಕಲ್ಯಾಣದ ಚರಿತ್ರೆ ಬಲ್ಲ ನಮಗೆ ಯಾರೂ ವಿವರಿಸಬೇಕಾಗಿಲ್ಲ.

“ಹಾಗಾದರೆ ಕನ್ನಿಕೆಯಾದ ಮರಿಯಳಲ್ಲಿ ಜನನವಾದ ಕಥೆಯೇನು?” ಎಂದು ಕೇಳಬಹುದು. ಆ ಕಥೆ ನಾಲ್ಕು ಸುವಾರ್ತೆಗಳ ಪೈಕಿ ಮತ್ತಾಯ, ಲೂಕರ ಎರಡರಲ್ಲಿ ಮಾತ್ರ ಇದೆ. ಮಾರ್ಕನ ಸುವಾರ್ತೆಯಲ್ಲಿ ಜನನವೃತ್ತಾಂತವೇ ಇಲ್ಲ. ಅಲ್ಲಿ ಏಸು ಬೆಳೆದು ದೊಡ್ಡವನಾಗಿ ಯೊರ್ದಾನ್ ನದಿಯಲ್ಲಿ ಸ್ನಾನಸಂಸ್ಕಾರ ಪಡೆಯುವಾಗ ಪುತ್ರನೆಂಬ ಧ್ವನಿ ಕೇಳಿಸುತ್ತದೆ. ಯೋಹಾನನು ಜನನದ ಕಥೆಯನ್ನು ಬಿಟ್ಟು ‘ವಾಕ್ಯ’ದ ತತ್ವದಿಂದ ಆರಂಭಿಸುತ್ತಾನೆ. ಪೌಲನ ಪತ್ರಗಳಲ್ಲಿಯೂ ಈ ಕಥೆಯ ಪ್ರಸ್ತಾಪವಿಲ್ಲ. ಆದರೂ ಮೂವರೂ ಏಸುವನ್ನು ಪುತ್ರನೆಂದೇ ಕರೆದಿದ್ದಾರೆ. ಆದುದರಿಂದ ಪುತ್ರತ್ವವೆಂಬ ತತ್ವವು ಆ ಜನನಕಥೆಯ ಮೇಲೆ ನಿಂತಿಲ್ಲ. ಕಥೆಯಲ್ಲಿಯೂ ದೇವರು ಪತಿಯ ಸ್ಥಾನದಲ್ಲಿಲ್ಲ. ಅಲ್ಲಿ ಹೇಳಿರುವುದು ಪವಿತ್ರಾತ್ಮನ ನೆರಳಿನ ಮಾತು. ಆತ್ಮಕ್ಕೆ ಹೀಬ್ರೂ ಭಾಷೆಯಲ್ಲಿರುವ ಪದ ಸಾಮಾನ್ಯವಾಗಿ ಸ್ತ್ರೀಲಿಂಗ, ಗ್ರೀಕಿನಲ್ಲಿ ನಪುಂಸಕಲಿಂಗ. ಗಂಡು ಹೆಣ್ಣಿನ ಸಂಬಂಧವನ್ನು ಹುಡುಕಿಕೊಂಡು ಹೋದವನಿಗೆ ವ್ಯಾಕರಣವೂ ನೆರವಾಗುವುದಿಲ್ಲ.

ನೈಸಿಯಾದ ನಿರ್ಣಯ

ಪುತ್ರನೆಂಬುದು ಕೇವಲ ಗೌರವದ ಬಿರುದೇ ಅಥವಾ ಅದಕ್ಕಿಂತ ಹೆಚ್ಚಿನದೇ ಎಂಬ ವಾದ ಕ್ರೈಸ್ತರಲ್ಲಿಯೇ ಎದ್ದಿತು. ಅಲೆಗ್ಸಾಂಡ್ರಿಯಾದ ಅರಿಯಸ್ ಎಂಬ ಪಾದ್ರಿಯು, ಪುತ್ರನು ಎಷ್ಟೇ ಶ್ರೇಷ್ಠನಾದರೂ ದೇವರ ಸೃಷ್ಟಿಯೇ, ಅವನಿಲ್ಲದಿದ್ದ ಕಾಲವೊಂದಿತ್ತು ಎಂದು ಬೋಧಿಸಿದನು. ಈ ವಿವಾದವನ್ನು ತೀರ್ಮಾನಿಸಲು ಕಾನ್‌ಸ್ಟಂಟೈನ್ ಚಕ್ರವರ್ತಿಯು 325ರಲ್ಲಿ ನೈಸಿಯಾ ಎಂಬಲ್ಲಿ ಧರ್ಮಾಧ್ಯಕ್ಷರ ಮಹಾಸಭೆಯನ್ನು ಕರೆದನು. ಆ ಊರು ಇಂದು ತುರ್ಕಿ ದೇಶದಲ್ಲಿ ಇಜ್ನಿಕ್ ಎಂಬ ಹೆಸರಿನಿಂದಿದೆ. ಸಭೆ ನಡೆದು 2025ಕ್ಕೆ 1700 ವರ್ಷಗಳು ತುಂಬಿದವು. ಮಹಾಸಭೆಯು ಅರಿಯಸನ ಮತವನ್ನು ನಿರಾಕರಿಸಿ, ಪುತ್ರನು ಸೃಷ್ಟಿಯಲ್ಲ, ತಂದೆಯೊಡನೆ ಏಕಸ್ವರೂಪನೆಂದು ಸಾರಿತು.

ಇಲ್ಲಿ ‘ಮಗ’ ಎಂಬ ಪದವನ್ನು ಅವರೇಕೆ ಬಿಡಲಿಲ್ಲವೆಂಬುದನ್ನು ಗಮನಿಸಬೇಕು. ಕುಂಬಾರನು ಗಡಿಗೆಯನ್ನು ಮಾಡುತ್ತಾನೆ. ಗಡಿಗೆ ಕುಂಬಾರನ ಸ್ವರೂಪದ್ದಲ್ಲ, ಅದು ಮಣ್ಣು. ಕುಂಬಾರನ ಮಗನಾದರೋ ಕುಂಬಾರನಂತೆಯೇ ಮನುಷ್ಯ. ಮಾಡಿದ್ದು ಮಾಡಿದವನಿಗಿಂತ ಬೇರೆ. ಜನಿಸಿದ್ದು ಜನಕನ ಸ್ವರೂಪದ್ದೇ. ಈ ಏಕಸ್ವರೂಪತೆಯನ್ನು ಹೇಳಲೆಂದೇ ಅವರು ಜನನದ ಮಾತನ್ನು ಉಳಿಸಿಕೊಂಡರು. ಕಾಲ, ದೇಹ, ತಾಯಿ, ಬಸಿರು ಇವುಗಳೆಲ್ಲವನ್ನು ಆ ಮಾತಿನಿಂದ ತೆಗೆದುಹಾಕಿದರು. ಜ್ಯೋತಿಯಿಂದ ಬೆಳಗು ಹೊರಡುವಂತೆ ತಂದೆಯಿಂದ ಪುತ್ರನು ಎಂದರು. ಜ್ಯೋತಿ ಇದ್ದು ಬೆಳಗಿಲ್ಲದ ಗಳಿಗೆಯಿಲ್ಲ. ಮುಂದೆ 381ರ ಕಾನ್‌ಸ್ಟಂಟಿನೋಪಲ್ ಸಭೆ, 451ರ ಕ್ಯಾಲ್ಸಿಡನ್ ಸಭೆಗಳು ಈ ವಿಚಾರವನ್ನೇ ವಿಸ್ತರಿಸಿದವು. ರೋಮನ್ ಕ್ಯಾಥೊಲಿಕರೂ ಬಾಸೆಲ್ ಮಿಶನ್ನಿನ ಪರಂಪರೆಯ ಪ್ರೊಟೆಸ್ಟಂಟರೂ ಇತರ ಅನೇಕ ವಿಷಯಗಳಲ್ಲಿ ಜಗಳಾಡಿದರೂ ಇದರಲ್ಲಿ ಏಕಾಭಿಪ್ರಾಯದವರು.

ಈ ತತ್ವವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ನೂರಾರು ಧರ್ಮಾಧ್ಯಕ್ಷರು ಕುಳಿತು, ಒಂದೊಂದು ಪದಕ್ಕೂ ವಾದಿಸಿ, ಯಾವ ಅರ್ಥವನ್ನು ಹೊರಗಿಟ್ಟರೋ ಅದೇ ಅರ್ಥವನ್ನು ಅವರ ತಲೆಗೆ ಕಟ್ಟಿ ನಗುವುದು ಖಂಡನೆಯಲ್ಲ. ಪೂರ್ವಪಕ್ಷವನ್ನು ಅರಿಯದೆ ಮಾಡಿದ ಖಂಡನೆಗೆ ನಮ್ಮ ಶಾಸ್ತ್ರಸಂಪ್ರದಾಯದಲ್ಲಿ ಬೆಲೆಯಿಲ್ಲ.

ಇದೇ ಅನ್ಯಾಯ ನಮಗಾದಾಗ ನಾವು ಸುಮ್ಮನಿದ್ದೆವೆಯೇ? ಮೈಸೂರು ಸೀಮೆಯಲ್ಲಿ ಬಹುಕಾಲ ಇದ್ದ ಫ್ರೆಂಚ್ ಪಾದ್ರಿ ಆಬೆ ದುಬಾಯ್ ಲಿಂಗವನ್ನು ಅಶ್ಲೀಲ ಸಂಕೇತವೆಂದು ಬರೆದನು. ಕಿಟೆಲ್ಲರು 1876ರಲ್ಲಿ ಲಿಂಗಪೂಜೆಯ ಮೂಲವನ್ನು ಕುರಿತು ಜರ್ಮನ್ ಭಾಷೆಯಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಇಷ್ಟಲಿಂಗವು ಪರಶಿವನ ಚಿತ್ಕಳೆಯ ಕುರುಹು, ಅದಕ್ಕೂ ಜನನೇಂದ್ರಿಯಕ್ಕೂ ಏನೇನೂ ಸಂಬಂಧವಿಲ್ಲವೆಂದು ನಾವು ಇಂದಿಗೂ ಪರದೇಶದ ವಿದ್ವಾಂಸರಿಗೆ ತಿಳಿಹೇಳುತ್ತಿದ್ದೇವೆ. ಅವರು ನಮ್ಮನ್ನು ಅಳೆದದ್ದು ಪುರಾಣಗಳಿಂದ: ಮೋಗ್ಲಿಂಗರು ಬಸವಪುರಾಣವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು, ವುರ್ತರು ಬಸವಪುರಾಣ, ಚೆನ್ನಬಸವಪುರಾಣಗಳ ಸಾರವನ್ನು ಇಂಗ್ಲಿಷಿಗೆ ತಂದರು. ವಚನಗಳು ವ್ಯವಸ್ಥಿತವಾಗಿ ಮುದ್ರಣದ ಬೆಳಕು ಕಂಡದ್ದು 1923ರಲ್ಲಿ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಬಂದ ಮೇಲೆಯೇ. ವಚನವನ್ನು ಕಾಣದೆ ಪುರಾಣದಿಂದ ನಮ್ಮನ್ನು ಅಳೆದವರ ಮೇಲೆ ಆಕ್ಷೇಪಣೆ ಎತ್ತುವ ನಾವು, ಅವರ ತತ್ವವನ್ನು ನಮ್ಮ ಪುರಾಣದ ಕೋಲಿನಿಂದ ಅಳೆಯುವುದು ಯಾವ ನ್ಯಾಯ? ಲಿಂಗದಲ್ಲಿ ದೇಹವನ್ನು ಕಂಡವನಿಗೂ ಪುತ್ರನಲ್ಲಿ ದೇಹವನ್ನು ಕಂಡವನಿಗೂ ಒಂದೇ ಕಣ್ಣಿನ ಬೇನೆ.

ಗುರುಕರಜಾತ

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಶ್ರೀಮಠಗಳ ಆಮಂತ್ರಣ ಪತ್ರಿಕೆಗಳಲ್ಲಿ ಶಿಷ್ಯಸ್ವಾಮಿಗಳ ಹೆಸರಿನ ಹಿಂದೆ ‘ಕರಕಮಲಸಂಜಾತ’ ಎಂಬ ವಿಶೇಷಣವನ್ನು ಭಕ್ತರೆಲ್ಲರೂ ಓದಿದ್ದಾರೆ. ಗುರುವಿನ ಕೈಯಲ್ಲಿ ಹುಟ್ಟಿದವನು ಎಂದು ಅದರರ್ಥ. ಕೈಯಲ್ಲಿ ಮಗು ಹುಟ್ಟುವುದುಂಟೇ ಎಂದು ಆಮಂತ್ರಣ ಪತ್ರಿಕೆ ಓದಿದ ಯಾವ ಭಕ್ತನೂ ನಗುವುದಿಲ್ಲ. ವೇಧಾ, ಮಂತ್ರ, ಕ್ರಿಯಾ ಎಂಬ ತ್ರಿವಿಧ ದೀಕ್ಷೆಯಲ್ಲಿ ಶ್ರೀಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿಟ್ಟು, ಕಿವಿಯಲ್ಲಿ ಮಂತ್ರವನ್ನು ಹೇಳಿ, ಅಂಗೈಗೆ ಲಿಂಗವನ್ನು ಕೊಡುತ್ತಾನೆ. ಆ ಗಳಿಗೆಗೆ ಪೂರ್ವಾಶ್ರಯ ಅಳಿಯುತ್ತದೆ. ತಾಯಿಯ ಉದರದಲ್ಲಿ ಬಂದ ಜನ್ಮ ಹಿಂದೆ ಸರಿದು, ಗುರುವಿನ ಕರದಲ್ಲಿ ಬಂದ ಜನ್ಮವೇ ನಿಜಜನ್ಮವಾಗುತ್ತದೆ. ಶರಣರು ಇಂಥವನನ್ನು ‘ಗುರುಕರಜಾತ’ನೆಂದರು.

ಬಸವಣ್ಣನವರ ನಡೆಯನ್ನೇ ನೋಡೋಣ. ಬಾಗೇವಾಡಿಯ ಮಾದರಸ ಮಾದಲಾಂಬಿಕೆಯರ ಪುತ್ರನೆಂಬುದು ಚರಿತ್ರೆ. ಆದರೆ ಅವರೇ ಒಂದು ವಚನದಲ್ಲಿ ತಾವು ಚೆನ್ನಯ್ಯ ಕಕ್ಕಯ್ಯಗಳ ಮನೆಯ ತೊತ್ತಿನ ಮಕ್ಕಳಿಗೆ ಹುಟ್ಟಿದವರೆಂದು, ಹೊಲದಲ್ಲಿ ನಡೆದ ಸಂಗದ ಪ್ರಸಂಗವನ್ನೂ ಬಿಡದೆ, ಕೂಡಲಸಂಗಮದೇವರನ್ನು ಸಾಕ್ಷಿಯಾಗಿಟ್ಟು ಹೇಳಿಕೊಂಡಿದ್ದಾರೆ. ಕ್ರೈಸ್ತರ ಗ್ರಂಥದಲ್ಲಿಯೂ ಇಲ್ಲದಷ್ಟು ಬಿಚ್ಚುಮಾತಿನ ದೇಹಭಾಷೆ ಅಲ್ಲಿದೆ. ಇದನ್ನು ಓದಿ ಮಾದರಸನ ಮನೆಯ ಮರ್ಯಾದೆಯನ್ನು ಶಂಕಿಸುವವನು ಮೂಢನೇ ಸರಿ. ರಕ್ತದ ವಂಶವನ್ನು ಒಲ್ಲೆನೆಂದು ಭಕ್ತಿಯ ವಂಶವನ್ನು ಆರಿಸಿಕೊಂಡ ಘೋಷಣೆ ಅದು. ಅಂತೆಯೇ ಲಿಂಗವೇ ಪತಿ, ಶರಣನೇ ಸತಿ ಎಂಬ ಭಾವದಲ್ಲಿ ಗಡ್ಡಮೀಸೆಯ ಶರಣರೂ ತಮ್ಮನ್ನು ಹೆಂಡತಿಯೆಂದು ಕರೆದುಕೊಂಡಿದ್ದಾರೆ. ಮಾತಿನ ಹಿಂದಿರುವ ಭಾವವನ್ನು ಹಿಡಿಯುವ ಶಿಕ್ಷಣ ನಮಗೆ ಹನ್ನೆರಡನೆಯ ಶತಮಾನದಿಂದಲೂ ದೊರೆತಿದೆ. ದೇಹದಿಂದಾಗದ ಪುತ್ರತ್ವವನ್ನು ಇತರರಿಗಿಂತ ಮೊದಲು ಅರ್ಥಮಾಡಿಕೊಳ್ಳಬೇಕಾದವರು ನಾವು. ನಾವೇ ಮೊದಲು ನಕ್ಕರೆ, ನಮ್ಮ ಕರಜಾತತ್ವವು ನಮಗೆ ಆಮಂತ್ರಣ ಪತ್ರಿಕೆಯ ಅಲಂಕಾರವಾಗಿ ಉಳಿದಿದೆಯೆಂದೇ ಅರ್ಥ.

‘ಒಬ್ಬನೇ’ ಎಂಬ ವಿಶೇಷಣ

ಇಷ್ಟು ಹೇಳಿದ ಮೇಲೆ ಕರಪತ್ರದವರ ಕಡೆಗೆ ತಿರುಗಲು ನಮಗೆ ಹಕ್ಕಿದೆ. ಕ್ರೈಸ್ತಮತದ ಪ್ರಕಾರ ಸ್ವರೂಪದಿಂದ ದೇವಪುತ್ರನು ಏಸು ಒಬ್ಬನೇ, ಅವನು ಏಕಜಾತ. ಉಳಿದ ಮನುಷ್ಯರು ಅವನ ಮೂಲಕ, ಕೃಪೆಯಿಂದ, ದತ್ತಕರಾಗಿ ಮಕ್ಕಳಾಗುತ್ತಾರೆ. ಪೌಲನು ರೋಮಿನವರಿಗೂ ಗಲಾತ್ಯದವರಿಗೂ ಬರೆದ ಪತ್ರಗಳಲ್ಲಿ ದತ್ತುಸ್ವೀಕಾರದ ಪದವನ್ನೇ ಬಳಸಿದ್ದಾನೆ. ರೋಮನ್ ಕಾಯಿದೆಯಲ್ಲಿ ದತ್ತುಪುತ್ರನು ಆಸ್ತಿಗೆ ಪೂರ್ಣ ಹಕ್ಕುದಾರನಾಗಿದ್ದನು. ಆದುದರಿಂದ ಅದು ಕೀಳು ಸ್ಥಾನವಲ್ಲವೆಂದು ಕ್ರೈಸ್ತ ಪಂಡಿತರು ವಿವರಿಸುತ್ತಾರೆ. ಅದನ್ನು ಒಪ್ಪೋಣ. ಆದರೂ ಔರಸನೊಬ್ಬ, ದತ್ತಕರು ಉಳಿದವರೆಲ್ಲ ಎಂಬ ಗೆರೆ ಅಲ್ಲಿ ಅಳಿಯುವುದಿಲ್ಲ.

ಶರಣರ ದರ್ಶನ ಈ ಗೆರೆಯನ್ನು ಒಪ್ಪದು. ಅವರೇ ಕೊಟ್ಟ ಜ್ಯೋತಿಯ ದೃಷ್ಟಾಂತವನ್ನು ಮುಂದಕ್ಕೆ ಒಯ್ಯೋಣ. ಒಂದು ಜ್ಯೋತಿಯಿಂದ ಇನ್ನೊಂದು ಪ್ರಣತಿಯನ್ನು ಹೊತ್ತಿಸಿದರೆ ಎರಡನೆಯದು ದತ್ತಕ ಜ್ಯೋತಿಯಾಗುವುದಿಲ್ಲ. ಅದೂ ಅದೇ ಬೆಂಕಿ, ಅದಕ್ಕೂ ಅದೇ ಬೆಳಕು. ಗುರುವು ದೀಕ್ಷೆಯಲ್ಲಿ ಹೊರಗಿನಿಂದ ಯಾವ ಅನ್ಯವಸ್ತುವನ್ನೂ ತಂದು ತುಂಬುವುದಿಲ್ಲ. ಶಿಷ್ಯನ ಅಂತರಂಗದಲ್ಲಿರುವ ಚಿತ್ಕಳೆಯನ್ನೇ ಕುರುಹಾಗಿ ಅವನ ಅಂಗೈಯಲ್ಲಿಡುತ್ತಾನೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲದ ಮೆಟ್ಟಿಲುಗಳನ್ನು ಏರಿದ ಅಂಗವು ಲಿಂಗದೊಡನೆ ಸಮರಸವಾಗುತ್ತದೆ. ಆ ಏಕಸ್ವರೂಪತೆ ಒಬ್ಬ ಮಹಾತ್ಮನಿಗೆ ಮೀಸಲಾದ ಸ್ಥಾನವಲ್ಲ. ಅದು ಮಾದಾರ ಚೆನ್ನಯ್ಯನಿಗೆ ಸಂದಿತು, ಡೋಹರ ಕಕ್ಕಯ್ಯನಿಗೆ ಸಂದಿತು, ಅಕ್ಕಮಹಾದೇವಿಗೆ ಸಂದಿತು. ಏಸುವಿಗೆ ಸಂದಿತೆಂದು ಹೇಳಲು ನಮಗೆ ಯಾವ ಅಡ್ಡಿಯೂ ಇಲ್ಲ. ಅವನಿಗೆ ಮಾತ್ರ ಸಂದಿತೆಂಬುದನ್ನು ನಾವು ಒಪ್ಪಲಾರೆವು.

ಕರಪತ್ರದವರಿಗೆ ಇನ್ನೊಂದು ಪ್ರಶ್ನೆ. ಪಾಲೆಸ್ಟೈನಿನಲ್ಲಿ, ಪಿಲಾತನೆಂಬ ರೋಮನ್ ಅಧಿಕಾರಿಯ ಕಾಲದಲ್ಲಿ ನಡೆದ ಘಟನೆಯೊಂದರ ಸುದ್ದಿ ಕಿವಿಗೆ ಬೀಳದವರಿಗೆಲ್ಲ ಬಾಗಿಲು ಮುಚ್ಚಿದೆಯೆನ್ನುವುದಾದರೆ, ಬಾಗಿಲನ್ನಿಟ್ಟವನು ಎಲ್ಲರ ತಂದೆಯಾದದ್ದು ಹೇಗೆ? ಏಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯೇ ದೇವರನ್ನು ‘ನಮ್ಮ ತಂದೆ’ ಎಂದು ಸಂಬೋಧಿಸಲು ಹೇಳುತ್ತದೆ. ತನಗೊಬ್ಬನಿಗೇ ತಂದೆಯೆಂದು ಅವನು ಹೇಳಿಕೊಡಲಿಲ್ಲ. ಕ್ರೈಸ್ತರಲ್ಲಿಯೇ ಈ ಕುರಿತು ಪುನರ್ವಿಚಾರ ನಡೆದಿದೆ. ರೋಮನ್ ಕ್ಯಾಥೊಲಿಕರ ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ, ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ ಉಳಿದು ಪ್ರಾಮಾಣಿಕವಾಗಿ ದೇವರನ್ನು ಅರಸುವವರಿಗೂ ಮುಕ್ತಿ ಸಾಧ್ಯವೆಂದು ಸಾರಿತು. 1965ರಲ್ಲಿ ಇತರ ಧರ್ಮಗಳಲ್ಲಿರುವ ಸತ್ಯವನ್ನು ತಾನು ತಿರಸ್ಕರಿಸುವುದಿಲ್ಲವೆಂದು ಪ್ರಕಟಿಸಿತು. ಸಂತೆಯ ಕರಪತ್ರವು ತನ್ನ ಧರ್ಮದ ಮಹಾಸಭೆಗಿಂತಲೂ ಕಠೋರವಾಗಿರುವುದು ವಿಚಿತ್ರ.

ಚರಿತ್ರೆಯೂ ಇದಕ್ಕೆ ಒಂದು ಪಾಠವನ್ನಿಟ್ಟಿದೆ. 1840ರ ಸುಮಾರಿಗೆ ಕಾಲಜ್ಞಾನದ ಓಲೆಗಳನ್ನು ನಂಬಿದ್ದ ನಮ್ಮ ಜನರ ಒಂದು ಗುಂಪು ಮಿಶನರಿಗಳ ಬಳಿಗೆ ಹೋಗಿ, ಓಲೆಗಳು ಹೇಳಿದ ಹೊಸ ಗುರುಗಳು ಇವರೇ ಇರಬಹುದೆಂದು ಆಸೆಯಿಟ್ಟಿತು. ಮಿಶನರಿಗಳಿಗೂ ದೊಡ್ಡ ಆಸೆ ಹುಟ್ಟಿತು. ಬೆಟಗೇರಿಯ ಸಮೀಪದ ಮಲ್ಲಸಮುದ್ರದಲ್ಲಿ ಹೊಸ ವಸಾಹತಿನ ಯೋಜನೆ ಎದ್ದಿತು. ಅದು ಕೈಗೂಡಲಿಲ್ಲ. ಆ ಜನ ಇನ್ನೊಬ್ಬ ಗುರುವಿಗೆ ತಲೆಬಾಗಲು ಸಿದ್ಧರಿದ್ದರು. ಇದ್ದ ಗುರುಪರಂಪರೆಯನ್ನೆಲ್ಲ ಸುಳ್ಳೆನ್ನಲು ಸಿದ್ಧರಿರಲಿಲ್ಲವೆಂದೇ ನಮಗೆ ತೋರುತ್ತದೆ. ‘ಒಬ್ಬನೇ’ ಎಂಬ ಪದಕ್ಕೆ ಕನ್ನಡನಾಡು ಅಂದೇ ತನ್ನ ಉತ್ತರವನ್ನು ಹೇಳಿತ್ತು.

ಇದಕ್ಕೆ ಪ್ರತಿಯಾಗಿ ಉತ್ತಂಗಿ ಚೆನ್ನಪ್ಪನವರನ್ನು ನೆನೆಯದಿದ್ದರೆ ನಮ್ಮ ಮಾತು ಅಪೂರ್ಣ. 1881ರಿಂದ 1962ರವರೆಗೆ ಬಾಳಿದ ಅವರು ಬಾಸೆಲ್ ಮಿಶನ್ನಿನ ಪಾದ್ರಿಗಳು, ಕೊನೆಯವರೆಗೂ ಕ್ರಿಸ್ತನ ಭಕ್ತರು. ಸರ್ವಜ್ಞನ ವಚನಗಳನ್ನು ಊರೂರು ತಿರುಗಿ ಕೂಡಿಸಿ 1924ರಲ್ಲಿ ಪ್ರಕಟಿಸಿದವರು. 1949ರ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂದು ಬರೆದ ಲೇಖನಿಯಿಂದಲೇ ‘ಅನುಭವಮಂಟಪದ ಐತಿಹಾಸಿಕತೆ’ಯನ್ನೂ ಬರೆದರು. ಅನುಭವಮಂಟಪವೆಂಬುದು ಇರಲೇ ಇಲ್ಲವೆಂದು ಕೆಲವು ಪಂಡಿತರು ವಾದಿಸಿದಾಗ, ಅದರ ಪರವಾಗಿ ನಿಂತವರಲ್ಲಿ ಈ ಕ್ರೈಸ್ತ ಪಾದ್ರಿಗಳು ಮುಂಚೂಣಿಯಲ್ಲಿದ್ದರು. ತಮ್ಮ ಪುತ್ರನನ್ನು ಬಿಡದೆ ನಮ್ಮ ಶರಣರನ್ನು ಗೌರವಿಸಿದವರಿಗೆ, ನಮ್ಮ ಲಿಂಗವನ್ನು ಬಿಡದೆ ಅವರ ಪುತ್ರನನ್ನು ಅರಿತುಕೊಳ್ಳುವುದು ನಾವು ತೀರಿಸಬೇಕಾದ ಋಣ.

ನಮ್ಮ ನಡೆ

ಈಗ ನಮ್ಮ ಮನೆಯ ಲೆಕ್ಕ. ‘ಒಬ್ಬನೇ ಅಲ್ಲ, ಎಲ್ಲರೂ’ ಎಂದು ಅವರಿಗೆ ಹೇಳಿದೆವು. ಆ ‘ಎಲ್ಲರೂ’ ನಮ್ಮಲ್ಲಿ ಎಲ್ಲಿದ್ದಾರೆ? ಲಿಂಗ ಕಟ್ಟಿದ ಮೇಲೆ ಪೂರ್ವಾಶ್ರಯ ಅಳಿಯಿತೆನ್ನುತ್ತೇವೆ. ವರ ನೋಡುವ ದಿನ ಬಂದಾಗ ಬಣಜಿಗನೇ, ಪಂಚಮಸಾಲಿಯೇ, ಗಾಣಿಗನೇ, ಜಂಗಮನೇ ಎಂದು ಕೇಳಿದ ಮೇಲೆಯೇ ತಟ್ಟೆಯಲ್ಲಿ ಅಡಿಕೆ ಇಡುತ್ತೇವೆ. ಕರದಲ್ಲಿ ಹುಟ್ಟಿದವನಿಗೆ ಒಳಪಂಗಡ ಎಲ್ಲಿಂದ ಬಂತು? ಹರಳಯ್ಯ ಮಧುವರಸರು ಬೀಗರಾದ ತಪ್ಪಿಗೆ ಕಲ್ಯಾಣದಲ್ಲಿ ಪ್ರಾಣ ತೆತ್ತ ಕಥೆಯನ್ನು ಪುರಾಣದಲ್ಲಿ ಕಣ್ಣೀರಿಟ್ಟು ಕೇಳುವ ನಾವು, ಮನೆಗೆ ಬಂದು ಬಿಜ್ಜಳನ ಪ್ರಶ್ನೆಯನ್ನೇ ಕೇಳುತ್ತಿದ್ದೇವೆ. ದೇಹಸಂಬಂಧದ ಪುತ್ರತ್ವವನ್ನು ನಂಬಿದವರು ಯಾರು, ಕ್ರೈಸ್ತರೋ ನಾವೋ? ಅವರ ಸಭೆಗಳಲ್ಲಿಯೂ ಜಾತಿ ಸತ್ತಿಲ್ಲ, ಹಲವೆಡೆ ಗೋರಿಯವರೆಗೂ ಅದು ಹಿಂಬಾಲಿಸಿದೆ ಎಂಬುದು ನಿಜ. ಅವರ ದೋಷ ನಮಗೆ ನೆರಳಾಗಲಾರದು.

1876ರಿಂದ 1878ರವರೆಗೆ ನಮ್ಮ ಸೀಮೆಯನ್ನು ಸುಟ್ಟ ಢೋಗಿ ಬರವನ್ನು ಹಿರಿಯರ ಬಾಯಿಂದ ಕೇಳಿದವರು ಉಂಟು. ಆಗ ಈ ಭಾಗವೆಲ್ಲ ಕಲಾದಗಿ ಜಿಲ್ಲೆಗೆ ಸೇರಿತ್ತು; ಊರೂರುಗಳು ಬರಿದಾದವು. ತಂದೆ ತಾಯಿ ಸತ್ತ ಮಕ್ಕಳನ್ನು ಎತ್ತಿಕೊಂಡವರಲ್ಲಿ ಮಿಶನ್ನಿನವರೂ ಇದ್ದರು. ಹಸಿದ ಅನಾಥನನ್ನು ಮಗನೆಂದು ಕರೆದು ಅನ್ನವಿಟ್ಟವನ ಬಾಯಲ್ಲಿ ದೇವಪುತ್ರತ್ವದ ತತ್ವಕ್ಕೆ ಬೇರೆ ಭಾಷ್ಯ ಬೇಕಾಗಿರಲಿಲ್ಲ. ಇದನ್ನು ಬರಿಯ ಮತಾಂತರದ ತಂತ್ರವೆಂದು ತಳ್ಳಿಬಿಡುವುದು ಸುಲಭ. ಆ ಮಗು ಯಾರ ಕರದಲ್ಲಿ ಹುಟ್ಟಬೇಕಾಗಿತ್ತೆಂದು ಕೇಳಿಕೊಳ್ಳುವುದು ಕಷ್ಟ.

ಈ ಪ್ರಶ್ನೆಗೆ ನಮ್ಮಲ್ಲಿಯೂ ಉತ್ತರ ಕೊಟ್ಟ ಮಹನೀಯರಿದ್ದಾರೆ. ಬಾದಾಮಿಯ ಸಮೀಪ, ಮಲಪ್ರಭೆಯ ದಂಡೆಯ ಮೇಲೆ 1909ರಲ್ಲಿ ಶಿವಯೋಗಮಂದಿರವನ್ನು ಕಟ್ಟಿದ ಹಾನಗಲ್ಲ ಕುಮಾರ ಶಿವಯೋಗಿಗಳು, ಬಡವರ ಮನೆಯಲ್ಲಿ ಹುಟ್ಟುಕುರುಡರಾಗಿದ್ದ ಮಕ್ಕಳನ್ನು ಕರೆತಂದು ಸಂಗೀತ ಕಲಿಸಿದರು. ಆ ಮಕ್ಕಳಲ್ಲಿ ಒಬ್ಬರು ಪಂಚಾಕ್ಷರ ಗವಾಯಿಗಳಾದರು. ಅವರು ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಮತ್ತಷ್ಟು ಅಂಧ ಅನಾಥ ಮಕ್ಕಳಿಗೆ ತಂದೆಯಾದರು; ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಅದೇ ಕಾಯಕವನ್ನು ನಡೆಸಿದರು. ಇಲ್ಲಿ ರಕ್ತಸಂಬಂಧವಿಲ್ಲ; ತಂದೆಯಿದ್ದಾನೆ, ಮಗನಿದ್ದಾನೆ, ಆ ಮಗನಿಗೆ ಮತ್ತೆ ಮಕ್ಕಳಿದ್ದಾರೆ. ಪ್ರಣತಿಯಿಂದ ಪ್ರಣತಿ ಹೊತ್ತಿಕೊಂಡದ್ದನ್ನು ಕಣ್ಣಿಲ್ಲದವರೇ ನಮಗೆ ತೋರಿಸಿದ್ದಾರೆ.

ಶ್ರೀಮಠದ ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ವಿಶೇಷ ವಿನಂತಿಯಿದೆ. ಪ್ರಸಾದನಿಲಯದ ಪಂಕ್ತಿಯಲ್ಲಿ ಕುಳಿತು ಉಂಡವರು ನೀವು. ಅಂದು ತಾಟಿಗೆ ರೊಟ್ಟಿ ಬೀಳುವ ಮುನ್ನ ನಿಮ್ಮ ತಂದೆಯ ಆಸ್ತಿಯನ್ನು ಮಠ ಕೇಳಲಿಲ್ಲ. ಆ ರೊಟ್ಟಿಯಿಂದ ಓದಿ ನೌಕರಿ, ವ್ಯಾಪಾರ, ಮನೆಮಾರು ಕಂಡವರು ನೀವು. ಮಠದ ಮಕ್ಕಳೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ನಿಮಗೆ ದೇಹದಿಂದಾಗದ ಪುತ್ರತ್ವವನ್ನು ಬೇರೆಯವರು ಬೋಧಿಸಬೇಕೆ? ಇನ್ನು ಮುಂದೆ ಯಾವುದೇ ವೇದಿಕೆಯಲ್ಲಿ ದೇವರ ಹೆಂಡತಿ ಯಾರೆಂಬ ಹಾಸ್ಯ ಹೊರಟರೆ, ಸಭೆಯಲ್ಲಿ ನಗದೆ ಕುಳಿತುಕೊಳ್ಳುವ ಮೊದಲಿಗರು ನೀವಾಗಬೇಕು. ಕರಪತ್ರವನ್ನು ಕೈಗಿತ್ತವನಿಗೆ, “ಅಣ್ಣಾ, ನಿಮ್ಮ ಪುತ್ರನನ್ನು ನಾವು ಗೌರವಿಸುತ್ತೇವೆ, ನಮ್ಮನ್ನು ದತ್ತಕರೆಂದು ಕರೆಯಬೇಡಿರಿ, ನಾವೂ ಆ ಮನೆಯಲ್ಲಿಯೇ ಹುಟ್ಟಿದವರು” ಎಂದು ಶಾಂತವಾಗಿ ಹೇಳುವವರು ನೀವಾಗಬೇಕು. ಆ ಮಾತು ಸುಳ್ಳಾಗದಿರಲು, ನಿಮ್ಮ ಮನೆಯ ಮದುವೆಯ ಮಾತುಕತೆಯಲ್ಲಿ ಒಳಪಂಗಡದ ಪ್ರಶ್ನೆಯನ್ನು ಕೈಬಿಡುವ ಮೊದಲಿಗರೂ ನೀವೇ ಆಗಬೇಕು.

ಏಕಜಾತನ ಮೇಲಿನ ವಾದವನ್ನು ಗ್ರಂಥದಿಂದ ಗೆಲ್ಲಲಾಗದು. ಕರಜಾತರು ಕರಜಾತರಂತೆ ಬಾಳಿದಾಗ ಅದು ತಾನಾಗಿ ಗೆಲ್ಲುತ್ತದೆ.